ಮಾದಯ್ಯನ ಪಿಕಪ್ಪು

ಎತ್ತಿನ ಜೋಡಿ ಮನೆ ಬಿಟ್ಟ ದಿನ ಸಣ್ಣತಾಯಮ್ಮನಿಗೆ ಒಲೆ ಮುಂದೆ ಕೂರಲು ಮನಸ್ಸಿಲ್ಲ, ಎದ್ದು ಬಾಗಿಲಿಗೆ ಬರಲು ಮುಖವಿಲ್ಲ. ಕೆರಗೋಡಿನ ಅಂಕಯ್ಯ ಬೆಳಿಗ್ಗೆಯೇ ಬಂದು ಎತ್ತುಗಳ ಹಲ್ಲು ನೋಡಿ, ಗೊರಸು ನೋಡಿ, ಗಾಡಿಯನ್ನೂ ಸೇರಿಸಿ ವ್ಯಾಪಾರ ಮುಗಿಸಿದ್ದ. ಅವನು ಗಾಡಿ ಹೂಡಿಕೊಂಡು ಹೊರಟಾಗ ಊರ ಮುಂದಿನ ತಿರುವಿನಲ್ಲಿ ಒಂದು ಎತ್ತು ನಿಂತುಬಿಟ್ಟಿತು. ಅಂಕಯ್ಯ ಬಾರುಕೋಲು ಎತ್ತಿದ ಮೇಲೆ ಅದೂ ಹೋಯಿತು.

"ಯಾಕಮ್ಮಿ ಮಕ ಊದಿಸ್ಕಂಡಿದ್ದೀಯ?" ಅಂದ ಅವಳ ಗಂಡ ಮಾದಯ್ಯ, ಬೀಗರು ಬರುವ ದಿನದ ಠೀವಿಯಲ್ಲಿ ಜಗಲಿಯ ಮೇಲೆ ಕೂತು. "ಇನ್ನೆಂಟು ದಿನಕ್ಕೆ ಪಿಕಪ್ಪು ಬತ್ತದೆ. ಅದುಕ್ಕೆ ಉಲ್ಲು ಆಕಂಗಿಲ್ಲ, ಮೈ ತೊಳೆಯಂಗಿಲ್ಲ. ಬೆಲ್ಲ ತುಂಬ್ಕಂಡು ಬೆಳಿಗ್ಗೆ ಮಂಡ್ಯಕ್ಕೆ ಓದ್ರೆ ಉಂಬೋ ಒತ್ಗೆ ಮನೇಲಿ."

ಸಣ್ಣತಾಯಮ್ಮ "ಊಂ" ಅಂದಳು. ಹೇಳಬೇಕಾಗಿದ್ದ ಮಾತು ಮೂರು ದಿನದಿಂದ ಅವಳ ಗಂಟಲಲ್ಲೇ ಕೂತಿತ್ತು.

ಅವರದು ಚಿಕ್ಕರಸಿನಕೆರೆಗೆ ಎರಡು ಮೈಲಿಯ ಊರು. ನಾಲೆ ನೀರು, ಕಬ್ಬು, ಒಂದಿಷ್ಟು ಗದ್ದೆ, ಮನೆ ಹಿಂದೆ ಸ್ವಂತ ಆಲೆಮನೆ. ದೊಡ್ಡ ಮಗ ನಿಂಗಯ್ಯ ಬೇಸಾಯಕ್ಕೆ ಬಿದ್ದವನು. ಅವನ ಹೆಂಡತಿ ಮಲ್ಲಿಗಮ್ಮ ಕೆಲಸದಲ್ಲೂ ಚುರುಕು, ಬಾಯಲ್ಲೂ ಚುರುಕು. ಚಿಕ್ಕವನು ಚಲುವರಾಜು, ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು ಎರಡು ಸಲವೂ ಬರಿಗೈಯಲ್ಲಿ ಎದ್ದು ಬಂದವನು. ಮಂಡ್ಯದ ಒಂದು ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡು ಡ್ರೈವಿಂಗ್ ಕಲಿತಿದ್ದ. ಆ ಗ್ಯಾರೇಜಿಗೆ ವಕೀಲ ವೆಂಕಟೇಶಮೂರ್ತಿಯವರ ವಿಲಾಯಿತಿ ಕಾರು ಬರುತ್ತಿತ್ತು. ಎರಡೇ ಬಾಗಿಲು, ಆರು ಸಿಲಿಂಡರು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಎಪ್ಪತ್ತಮೂರರ ದೀಪಾವಳಿ ಕಳೆಯುತ್ತಲೇ ಪೆಟ್ರೋಲಿನ ಬೆಲೆ ಮುಗಿಲು ಮುಟ್ಟಿತು ನೋಡಿ, ವಕೀಲರು ಸಿಕ್ಕಿದ ಬೆಲೆಗೆ ಕಾರು ಕೊಟ್ಟುಬಿಡಲು ನಿಂತರು. ದುಡ್ಡಿದ್ದವರೇ ಕಾರು ಮಾರುವ ಹೊತ್ತಿನಲ್ಲಿ ನಮ್ಮ ಚಲುವರಾಜನಿಗೆ ಕೊಳ್ಳುವ ಹುಚ್ಚು ಹಿಡಿಯಿತು.

ಮೊದಲು ಅವನು ಬಾಯಿ ಬಿಟ್ಟಿದ್ದು ತಾಯಿಯ ಹತ್ತಿರ, ಅಡುಗೆಮನೆಯಲ್ಲಿ.

"ಅವ್ವ, ಅದರ ಪಿಕಪ್ ನೋಡ್ಬೇಕು ನೀನು."

"ಅಂಗಂದ್ರೇನ್ಲಾ?"

"ಕಾಲಲ್ಲಿ ಒತ್ತುದ್ರೆ ಚಂಗ್ನೆ ಎಗರೋದು ಕಣವ್ವ. ಬೇರೆ ಕಾರೆಲ್ಲ ಆಕಳಿಸ್ಕಂಡು ಏಳ್ತವೆ. ಇದು ಅಂಗಲ್ಲ, ಬೆನ್ನು ಸೀಟಿಗೆ ಅಂಟ್ಕಬುಡ್ತದೆ."

"ಅಷ್ಟು ಬಿರ್ರನೆ ಓಗಿ ಅಲ್ಲೇನು ಮಾಡೀಯೆ?"

"ಮದ್ವೆಗೆ ಬಾಡ್ಗೆ ಬುಡ್ತೀನಿ. ಇಂಥ ಕಾರು ಮಂಡ್ಯ, ಮದ್ದೂರು, ಮಳವಳ್ಳಿ ಮೂರರಲ್ಲೂ ಇಲ್ಲ."

ಅವತ್ತು ಸಂಜೆ ನಿಂಗಯ್ಯ ಗದ್ದೆಗೆ ನೀರು ಕಟ್ಟಲು ಹೋಗಿದ್ದ, ಮಲ್ಲಿಗಮ್ಮ ಕೊಟ್ಟಿಗೆಯಲ್ಲಿದ್ದಳು. ಅಪ್ಪ ಮಗ ಊಟಕ್ಕೆ ಕೂತಿದ್ದರು. ಚಲುವರಾಜು ಸಾರು ಕಲಸುತ್ತ, "ಅಪ್ಪ, ಮಂಡ್ಯದಲ್ಲಿ ಒಂದು ಗಾಡಿ ಮಾರಾಟಕ್ಕೈತೆ. ಪಿಕಪ್ ಅಂದ್ರೆ ಪಿಕಪ್ಪು," ಅಂದ.

ಮಾದಯ್ಯ ತುತ್ತನ್ನು ಕೈಯಲ್ಲೇ ಹಿಡಿದ. ಬೆಲ್ಲದ ಮಂಡಿಯ ಸಾಹುಕಾರರ ಬಳಿ ಒಂದು ಪಿಕಪ್ ವ್ಯಾನು ಇತ್ತು. ಹಿಂದುಗಡೆ ಬಯಲು, ಮುಂದುಗಡೆ ಡ್ರೈವರು. ಎರಡು ವರ್ಷದಿಂದ ಅವನ ಕಣ್ಣು ಅದರ ಮೇಲೆಯೇ ಇತ್ತು.

"ಪಿಕಪ್ಪಾ? ಬಾರ ತಡೀತದೇನ್ಲಾ? ಐವತ್ತು ಮಣ ತಡೀತದಾ?"

ಚಲುವರಾಜು ತಾಯಿಯ ಮುಖ ನೋಡಿದ. ಅವಳು ಅವನ ಮುಖ ನೋಡಿದಳು. ಅಪ್ಪ ಏನು ತಿಳಿದುಕೊಂಡ ಅನ್ನುವುದು ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಗೊತ್ತಾಯಿತು.

"ತಡೀತದೆ ಕಣಪ್ಪ," ಅಂದ ಚಲುವರಾಜು.

ಅವಳು ಆಗಲೇ ಹೇಳಬಹುದಿತ್ತು. ಎರಡು ಮಾತಿನ ಕೆಲಸ. ಆದರೆ ಪರೀಕ್ಷೆ ಫೇಲಾದ ಲಾಗಾಯ್ತು ಅಪ್ಪನ ಜೊತೆ ಮುಖ ಕೊಟ್ಟು ಮಾತಾಡದ ಮಗ ಅವತ್ತು ಅಪ್ಪನ ಎದುರು ಕೂತು ಉಣ್ಣುತ್ತಿದ್ದ. ಅಪ್ಪನೂ ಅವನ ಭುಜ ತಟ್ಟಿ "ಬುದ್ಧಿ ಬಂತು ಕಣ್ಲಾ ನಿಂಗೆ" ಅಂದ. ತಾಯಿ ಕರುಳು, ಅದನ್ನು ಕೆಡಿಸಲಾರದೆ ಬಾಯಿ ಮುಚ್ಚಿಕೊಂಡಿತು. ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆ ಎನ್ನುವುದು ಮೂರು ದಿನವಾಗುವಷ್ಟರಲ್ಲಿ ಎತ್ತುಗಳು ಹೋಗಿದ್ದವು.

ಕಾರು ಬಂದ ದಿನ ಊರೆಲ್ಲ ಮನೆ ಮುಂದೆ. ಆಕಾಶನೀಲಿ ಬಣ್ಣ, ಗುರುಗುಟ್ಟುವ ಸದ್ದು. ಮಾದಯ್ಯ ಕುಂಕುಮ, ನಿಂಬೆಹಣ್ಣು ಹಿಡಿದು ಅದನ್ನು ಒಂದು ಸುತ್ತು ಹಾಕಿದ. ಇನ್ನೊಂದು ಸುತ್ತು ಹಾಕಿದ. ಹಿಂದುಗಡೆ ನಿಂತು ಕೇಳಿದ:

"ಇದರ ಇಂದಿಂದು ಎಲ್ಲೈತ್ಲಾ?"

"ಯಾವ ಇಂದಿಂದಪ್ಪ?"

"ಬೆಲ್ಲ ತುಂಬೋ ಜಾಗ."

ಜನರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಚಲುವರಾಜು ಡಿಕ್ಕಿ ತೆಗೆದು ತೋರಿಸಿದ. ಅದರಲ್ಲಿ ಒಂದು ಟೈರು ಮಲಗಿತ್ತು, ಮಿಕ್ಕ ಜಾಗದಲ್ಲಿ ಎರಡು ಕುಕ್ಕೆ ಇಡಬಹುದಿತ್ತು.

"ಪಿಕಪ್ಪು ಅಂದ್ಯಲ್ಲೋ," ಅಂದ ಮಾದಯ್ಯ.

"ಪಿಕಪ್ ಚೆನ್ನಾಗೈತೆ ಅಂದೆ. ಓಟ ಚೆನ್ನಾಗೈತೆ ಅಂತ. ನೀನು ವ್ಯಾನು ಅಂತ ತಿಳ್ಕಂಡ್ರೆ ನಾನೇನು ಮಾಡ್ಲಪ್ಪ?"

"ಐವತ್ತು ಮಣ ತಡೀತದಾ ಅಂತ ಕೇಳುದ್ನಲ್ಲ."

"ಎಲ್ ಕೇಳ್ದೆ? ತಡೀತದಾ ಅಂದೆ. ಗಟ್ಟಿಯಾಗೈತಾ ಅಂತ ಕೇಳ್ತಿದ್ದೀಯ ಅನ್ಕಂಡು ಊಂ ಅಂದೆ. ಮಣ ಗಿಣ ಅನ್ನಲಿಲ್ಲ ನೀನು."

ಮಾದಯ್ಯ ಹೆಂಡತಿಯ ಕಡೆ ತಿರುಗಿದ. "ಅಮ್ಮಿ, ನೀನಿದ್ಯಲ್ಲ. ನಾನು ಮಣ ಅನ್ನಲಿಲ್ವಾ?"

ಇಡೀ ಊರು ಅವಳನ್ನೇ ನೋಡುತ್ತಿತ್ತು. ನಿಂಗಯ್ಯ ಕಣ್ಣು ಕೆಂಪು ಮಾಡಿಕೊಂಡು ತಮ್ಮನ ಪಕ್ಕದಲ್ಲೇ ನಿಂತಿದ್ದ. ಹೂಂ ಅಂದರೆ ಅಲ್ಲೇ ಹೊಡೆದಾಟವಾಗುತ್ತದೆ ಅನ್ನಿಸಿತು.

"ನಾನು ಒಲೆ ತಾವಿದ್ದೆ. ನಂಗೆ ಕೇಳುಸ್ಲಿಲ್ಲ," ಅಂದಳು ಸಣ್ಣತಾಯಮ್ಮ.

ಮಾದಯ್ಯ ನಿಂಬೆಹಣ್ಣನ್ನು ಕೈಯಲ್ಲಿ ಒಂದು ಸಲ ತಿರುಗಿಸಿದ. "ಅಂಗಾರೆ ನಂದೇ ತಪ್ಪು," ಅಂದು ಹಣ್ಣನ್ನು ಚಕ್ರದ ಕೆಳಗೆ ಇಟ್ಟ.

ಸಂಜೆಯೊಳಗೆ ಅವನಿಗೆ ಹೊಸ ಹೆಸರು ಬಿದ್ದಿತ್ತು. ಟೀ ಅಂಗಡಿಯಲ್ಲಿ ಪಿಕಪ್ ಮಾದಯ್ಯ, ಸೊಸೈಟಿಯಲ್ಲಿ ಪಿಕಪ್ ಮಾದಯ್ಯ. ನಮ್ಮ ಜನಕ್ಕೆ ಇನ್ನೊಬ್ಬರಿಗೆ ಹೆಸರಿಡುವ ಕೆಲಸಕ್ಕೆ ಕೂಲಿ ಕೊಡಬೇಕಾಗಿಲ್ಲ.

ಇನ್ನು ಕಾರಿನ ಸಂಸಾರ. ಅದು ಲೀಟರಿಗೆ ಐದು ಕಿಲೋಮೀಟರ್ ಓಡುತ್ತಿತ್ತು, ಮನಸ್ಸಿದ್ದರೆ ಆರು. ಆಲೆಮನೆ ನಿಲ್ಲಿಸುವಂತಿಲ್ಲ, ಕಬ್ಬು ಒಣಗುತ್ತದೆ. ಕಬ್ಬು ಹೊರಲು ಪಕ್ಕದ ಮನೆಯವರ ಗಾಡಿಯನ್ನು ಬಾಡಿಗೆಗೆ ಹಿಡಿದರು. ಬೆಲ್ಲವನ್ನು ಕಾರಿನ ಹಿಂದಿನ ಸೀಟು ಕಿತ್ತು ಅಲ್ಲಿ ಜೋಡಿಸಿದರು. ಮಂಡ್ಯದ ದಾರಿಯಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳ ಸಾಲು. ಅವುಗಳ ಹಿಂದೆ ತೆವಳಿದರೆ ಹತ್ತು ನಿಮಿಷಕ್ಕೆ ಕಾರಿನ ಬಾಯಿಂದ ಹೊಗೆ. ಚಲುವರಾಜು ಇಳಿದು ನಾಲೆ ನೀರು ತಂದು ಹುಯ್ಯಬೇಕು. ಬಿಸಿಲಿಗೆ ಬೆಲ್ಲ ಕರಗಿ ಕಂಬಳಿಗೆಲ್ಲ ಅಂಟಿ, ಇರುವೆ ಹತ್ತಿ, ಅವನು ಮನೆಗೆ ಬರುವಾಗ ತೊಡೆ ಕೆರೆದುಕೊಳ್ಳುತ್ತಿದ್ದ.

ಬಂದಿದ್ದು ಒಂದೇ ಮದುವೆ ಬಾಡಿಗೆ. ಮದ್ದೂರಿನಲ್ಲಿ ಗಂಡನ್ನು ಕೂರಿಸಿಕೊಂಡು ವಾಲಗದ ಹಿಂದೆ ಹೆಜ್ಜೆ ಹೆಜ್ಜೆ ಹೋಗಬೇಕಾಗಿತ್ತು. ಅರ್ಧ ಬೀದಿಗೆ ಕಾರು ಕೊತಕೊತ ಕುದಿದು ನಿಂತಿತು. ಪೇಟ ಬಾಸಿಂಗದ ಸಮೇತ ಗಂಡು ಇಳಿದು ನಡೆದ.

"ಓಡಕ್ಕೆ ಉಟ್ಟಿರೋ ಗಾಡಿ ಕಣತ್ಗೆ," ಅಂದ ಚಲುವರಾಜು, ಮಲ್ಲಿಗಮ್ಮ ನಕ್ಕಾಗ. "ವಾಲಗದ ಇಂದೆ ನಡೀ ಅಂದ್ರೆ ಅದೇನು ಮಾಡೀತು?"

"ಅಂಗಾರೆ ಓಡ್ಸು. ನನ್ನ ಆಲಿನ ದುಡ್ಡು ಯಾಕೆ ಕೇಳ್ತೀಯೆ?" ಅಂದಳು ಮಲ್ಲಿಗಮ್ಮ. "ದಿನಾ ಎರಡು ಎಮ್ಮೆ ಕರೀತೀನಿ. ಆ ನಿನ್ನ ನೀಲಿ ಎಮ್ಮೆ ಅದೆಲ್ಲಾನೂ ಕುಡುದ್ಬುಡ್ತದೆ. ಕರೆದ್ರೆ ಒಂದು ತೊಟ್ಟು ಇಲ್ಲ."

"ನೋಡ್ಲಾ," ಅಂದ ನಿಂಗಯ್ಯ ಉಣ್ಣುತ್ತಲೇ, "ಸಂಕ್ರಾಂತಿ ತನಕ ನೋಡ್ತೀನಿ. ಆಮೇಲೆ ನನ್ನ ಪಾಲು ನಂಗೆ, ನಿನ್ನ ಪಾಲು ನಿಂಗೆ. ನೀನು ಗದ್ದೆ ಮಾರಿ ಪೆಟ್ರೋಲ್ ಆಕ್ಸ್ಕೊ."

"ಅಪ್ಪ ಬದುಕಿರುವಾಗ ಪಾಲಿನ ಮಾತಾಡ್ಬೇಡ," ಅಂದಳು ಸಣ್ಣತಾಯಮ್ಮ.

"ಅಪ್ಪ ಏನಂತಾನೆ ಕೇಳು ಮತ್ತೆ."

ಮಾದಯ್ಯ ತಲೆ ಎತ್ತಲಿಲ್ಲ. "ನಂಗೇನು ತಿಳಿದಾತು. ನೀವೇ ಮಾಡ್ಕಳಿ," ಅಂದ.

ಕಬ್ಬಿನ ಹಾಲು ಯಾವ ಗಳಿಗೆಯಲ್ಲಿ ಪಾಕಕ್ಕೆ ಬಂತು ಅನ್ನುವುದನ್ನು ಮೂಗಿನಿಂದಲೇ ಹೇಳುತ್ತಿದ್ದ ಮನುಷ್ಯ ಅವನು. ಸುತ್ತ ನಾಲ್ಕು ಊರಿನವರು ಬಂದು ಕೇಳಿಕೊಂಡು ಹೋಗುತ್ತಿದ್ದರು. ಈಗ ಕೊಪ್ಪರಿಗೆ ಮುಂದೆ ನಿಂತು ಕೂಲಿಯವನನ್ನು "ಇಳಿಸಬೌದಾ? ನಿಂಗೆ ಏನನ್ನುಸ್ತದೆ?" ಅಂತ ಕೇಳುತ್ತಿದ್ದ. ಸೊಸೈಟಿಯಲ್ಲಿ ಗೊಬ್ಬರದ ಚೀಟಿ ಬರೆಸಿ, "ಯೂರಿಯ ಅಂದ್ರೆ ಯೂರಿಯಾನೇ ತಾನೆ?" ಅಂದನಂತೆ, ಗುಮಾಸ್ತ ನಕ್ಕ ಕಥೆ ಮಲ್ಲಿಗಮ್ಮನ ಕಿವಿಗೆ ಬಿದ್ದು ಅಡುಗೆಮನೆಗೆ ಬಂತು. ಪ್ರತಿ ವರ್ಷ ಬಿತ್ತನೆ ಕಬ್ಬಿಗೆ ಮಂಡ್ಯದ ಸರ್ಕಾರಿ ಬೇಸಾಯ ಕೇಂದ್ರ ವಿ.ಸಿ. ಫಾರಂಗೆ ಹೋಗಿ ಅಲ್ಲಿಯ ಆಫೀಸರುಗಳ ಜೊತೆ ಸರಿಸಮ ವಾದ ಮಾಡಿ ಬರುವವನು, ಈ ಸಲ "ನಿಂಗಯ್ಯ ಓಗ್ಲಿ, ಅವರ ಮಾತು ನಂಗೆ ತಿಳಿಯಾಕಿಲ್ಲ" ಅಂದುಬಿಟ್ಟ.

ಜನ ನಗುವುದಕ್ಕೆ ಹೀಗಾಗಿದೆ, ನಾಲ್ಕು ದಿನಕ್ಕೆ ಸರಿಹೋಗುತ್ತಾನೆ ಅಂತ ಸಣ್ಣತಾಯಮ್ಮ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ಕೈ ನಿಲ್ಲುತ್ತಿರಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು.

ಡಿಸೆಂಬರಿನಲ್ಲಿ ಮಳವಳ್ಳಿಯಿಂದ ಅವಳ ಅಣ್ಣ ತಿಮ್ಮಯ್ಯ ಹೇಳಿಕಳಿಸಿದ, ಒಂದು ಸಲ ಬಂದು ಹೋಗು ಅಂತ. ಚಲುವರಾಜು, "ಬಸ್ಸು ಯಾಕವ್ವ, ನಾನು ಕರ್ಕಂಡು ಓಯ್ತೀನಿ," ಅಂದ. ಅವಳು ಬೇಡ ಬೇಡ ಅನ್ನುತ್ತಲೇ ಹತ್ತಿದಳು. ಮಳವಳ್ಳಿಯ ದಾರಿಗೆ ಬಿದ್ದ ಮೇಲೆ ರಸ್ತೆ ಖಾಲಿ, ಎರಡೂ ಕಡೆ ಹುಣಸೆ ಮರ.

"ಗಟ್ಟಿಯಾಗಿ ಇಡ್ಕೊ," ಅಂದು ಅವನು ಕಾಲು ಒತ್ತಿದ.

ಮರಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ಸೆರಗು ಹಾರಿ ಮುಖಕ್ಕೆ ಬಡಿಯಿತು. "ನಿಲ್ಸ್ಲಾ, ನಿಲ್ಸ್ಲಾ" ಅಂತ ಕೂಗಿದಳು, ಕೂಗುತ್ತಲೇ ನಕ್ಕುಬಿಟ್ಟಳು. ಐವತ್ತು ವರ್ಷದಲ್ಲಿ ಅಂಥ ನಗು ಅವಳಿಗೆ ಬಂದಿರಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದರೆ ಮಗನ ಮುಖ ದೀಪ ಹಚ್ಚಿದ ಹಾಗಿತ್ತು. ಈ ಹುಡುಗ ಯಾಕೆ ಹುಚ್ಚನಾದ ಅನ್ನುವುದು ಆವತ್ತು ಅವಳಿಗೆ ತಿಳಿಯಿತು. ತಿಳಿದದ್ದಕ್ಕೆ ಖುಷಿಯೂ ಆಯಿತು, ನಾಚಿಕೆಯೂ ಆಯಿತು.

ತಿಮ್ಮಯ್ಯನ ಮನೆಯಲ್ಲಿ ಊಟವಾದ ಮೇಲೆ ಚಲುವರಾಜು ಕಾರಿಗೆ ನೀರು ಹುಯ್ಯಲು ಹೊರಗೆ ಹೋದ. ತಿಮ್ಮಯ್ಯ ಎಲೆಯಡಿಕೆ ತಟ್ಟೆ ಸರಿಸಿ ಮೆಲ್ಲಗೆ ಕೇಳಿದ:

"ಬಾವ ಮೊನ್ನೆ ಇಲ್ಗೆ ಬಂದಿದ್ರು, ಗೊತ್ತಾ?"

"ಇಲ್ವಲ್ಲ ಅಣ್ಣಯ್ಯ. ಮಂಡ್ಯಕ್ಕೆ ಅಂತ ಏಳಿ ಓದ್ರು."

"ಡಾಕ್ಟ್ರು ಯಾರಾದ್ರೂ ಇದ್ರೆ ತೋರ್ಸು ಅಂದ್ರು. ನಿಮ್ಮ ಮಾವನಿಗೆ ಕಡೆಗಾಲದಲ್ಲಿ ಅರಳುಮರಳು ಆಗಿತ್ತಲ್ಲ, ಮಕ್ಕಳ ಎಸ್ರೇ ಮರ್ತೋಗಿ ಬೀದಿಲಿ ತಿರುಗೋರು. ನಂಗೂ ಅದೇ ಸುರುವಾಗೈತೆ ಕಣ್ಲಾ ತಿಮ್ಮಯ್ಯ ಅಂತ ಅತ್ತರು."

"ಅತ್ರಾ?"

"ಅತ್ತರು. ನಾನು ಆಡಿದ ಮಾತು ನಂಗೆ ಚೆನ್ನಾಗಿ ಜ್ಞಾಪಕ ಐತೆ, ಮಣ ಅಂದೆ, ಐವತ್ತು ಮಣ ಅಂದೆ. ಆದ್ರೆ ಮಗ ಇಲ್ಲ ಅಂತಾನೆ, ಎಡ್ತಿ ಕೇಳಲಿಲ್ಲ ಅಂತಾಳೆ. ಆಡದೇ ಇರೋ ಮಾತು ಆಡಿದಂಗೆ ಅನ್ಸುದ್ರೆ ಅದು ಅರಳುಮರಳಲ್ದೆ ಇನ್ನೇನು ಅಂದ್ರು. ನಿಂಗೆ ಏಳಬ್ಯಾಡ ಅಂತ ಆಣೆ ಆಕುಸ್ಕಂಡವ್ರೆ."

ವಾಪಸ್ಸು ಬರುವಾಗ ಚಲುವರಾಜು ಮತ್ತೆ ಕಾಲು ಒತ್ತಿದ. ಸಣ್ಣತಾಯಮ್ಮ ಅವನ ತೋಳು ಹಿಡಿದಳು.

"ಮೆಲ್ಗೆ ಓಡ್ಸು. ನಿಮ್ಮಪ್ಪನಿಗೆ ನಿಜ ಏಳ್ಬುಡಣ ಕಣ್ಲಾ."

"ಏಳು. ಅಣ್ಣ ನನ್ನ ಮನೇಲಿ ಇರಾಕ್ಕೆ ಬುಟ್ಟಾನಾ?"

"ನಿಮ್ಮಪ್ಪ ಎದ್ರುಕೊಂಡವ್ರೆ. ತಲೆ ಕೆಟ್ಟೋಯ್ತದೆ ಅಂತ."

ಚಲುವರಾಜು ಕಾಲು ಸಡಿಲಿಸಿದ. ಆಮೇಲೆ, "ಸಂಕ್ರಾಂತಿ ಕಳೀಲಿ ಅವ್ವ. ಗಿರಾಕಿ ಒಬ್ಬ ಅವ್ನೆ, ಕಾರು ಮಾರಿ ಎತ್ತು ತಂದು ಕಟ್ಟಿ ನಾನೇ ಏಳ್ತೀನಿ," ಅಂದ. ಅವಳು ಒಪ್ಪಿದಳು. ಒಪ್ಪಬಾರದಾಗಿತ್ತು. ಗಿರಾಕಿ ಎರಡು ಸಲ ಬಂದು ನೋಡಿ, ಪೆಟ್ರೋಲಿನ ಲೆಕ್ಕ ಕೇಳಿ ಕೈಮುಗಿದು ಹೋದ.

ಸಂಕ್ರಾಂತಿಯ ಮೂರನೆಯ ದಿನ ನಿಂಗಯ್ಯ ತನ್ನ ಮಾತಿನಂತೆ ಊರಿನ ಇಬ್ಬರು ಯಜಮಾನರನ್ನೂ ಸೋದರಮಾವ ತಿಮ್ಮಯ್ಯನನ್ನೂ ಕರೆದು ಜಗಲಿಯಲ್ಲಿ ಕೂರಿಸಿದ. ಸಣ್ಣತಾಯಮ್ಮ ಒಳಗೆ ಮುದ್ದೆ ತೊಳಸುತ್ತಿದ್ದಳು. ಬಾಗಿಲ ಸಂದಿಯಿಂದ ಎಲ್ಲ ಕೇಳುತ್ತಿತ್ತು.

"ಎತ್ತು ಓದೊ, ಗಾಡಿ ಓಯ್ತು," ಅಂದ ನಿಂಗಯ್ಯ. "ಇನ್ನು ಭೂಮಿ ಓಗೋದ್ನ ನಾನು ನೋಡಲಾರೆ. ಪಾಲು ಮಾಡ್ಕೊಡಿ."

"ಮಾದಯ್ಯ, ನೀನೇನಂತೀಯಪ್ಪ?" ಯಜಮಾನರೊಬ್ಬರು ಕೇಳಿದರು.

"ಮಾಡ್ಬುಡಿ," ಅಂದ ಮಾದಯ್ಯ. "ನಂಗೆ ಪಾಲು ಬ್ಯಾಡ. ಚಿಕ್ಕವನನ್ನ ಅನ್ಬೇಡಿ, ತಪ್ಪು ನಂದು. ನಂಗೆ ಮಂಕು ಕವುದೈತೆ. ಇನ್ನೊಂದು ವರ್ಷಕ್ಕೆ ನಾನೇನಾಯ್ತೀನೋ. ಅಷ್ಟರಲ್ಲಿ ಎಬ್ಬೆಟ್ಟು ಒತ್ತುಸ್ಕಬುಡಿ. ನಮ್ಮಪ್ಪನ್ನ ನಾವು ಕಟ್ಟಾಕ್ತಿದ್ದೊ. ನೀವು ನನ್ನ ಕಟ್ಟಾಕ್ಬೇಡಿ, ಅಷ್ಟೇ ಕೇಳೋದು."

ಸಣ್ಣತಾಯಮ್ಮ ಕೋಲು ಬಿಟ್ಟು ಹೊರಗೆ ಬಂದಳು. ಕೈಗೆಲ್ಲ ರಾಗಿ ಹಿಟ್ಟು. ಗಂಡಸರ ಪಂಚಾಯಿತಿಯಲ್ಲಿ ಅವಳು ಅಲ್ಲಿಯವರೆಗೆ ನಿಂತವಳೇ ಅಲ್ಲ.

"ಅವರು ಮಣ ಅಂದಿದ್ರು," ಅಂದಳು. "ಐವತ್ತು ಮಣ ಬಾರ ತಡೀತದಾ ಅಂತಲೇ ಕೇಳುದ್ರು. ನಾನು ಅಲ್ಲೇ ಎದುರ್ಗೇ ಕೂತಿದ್ದೆ. ಪಿಕಪ್ ಅಂದ್ರೆ ಏನು ಅಂತ ಇವ್ನು ನಂಗೆ ಬೆಳಿಗ್ಗೇನೇ ಏಳಿದ್ದ. ಅವರು ವ್ಯಾನು ಅಂತ ತಿಳ್ಕಂಡ್ರು ಅಂತ ಇವ್ನಿಗೂ ಗೊತ್ತಿತ್ತು, ನಂಗೂ ಗೊತ್ತಿತ್ತು."

ನಿಂಗಯ್ಯ ಎದ್ದು ತಮ್ಮನ ಕೊರಳಪಟ್ಟಿ ಹಿಡಿದ. ಚಲುವರಾಜು ಬಿಡಿಸಿಕೊಳ್ಳಲಿಲ್ಲ, ತಲೆ ತಗ್ಗಿಸಿ ನಿಂತ. "ಬುಡ್ಲಾ ಅವ್ನ," ಅಂದ ಮಾದಯ್ಯ. ಎರಡು ತಿಂಗಳಿಂದ ಆ ಮನೆಯಲ್ಲಿ ಕೇಳದ ದನಿ ಅದು. ನಿಂಗಯ್ಯನ ಕೈ ತಾನಾಗಿ ಇಳಿಯಿತು.

"ನಾನು ಮಣ ಅಂದಿದ್ನಾ?" ಮಾದಯ್ಯ ಹೆಂಡತಿಯನ್ನು ಕೇಳಿದ.

"ಅಂದಿದ್ರಿ."

"ಐವತ್ತು ಅಂದಿದ್ನಾ?"

"ಐವತ್ತು ಅಂದಿದ್ರಿ."

"ಅಂಗಾರೆ ನಂಗೆ ಏನೂ ಆಗಿಲ್ಲ," ಅಂದು ಅವನು ತಿಮ್ಮಯ್ಯನ ಕಡೆ ನೋಡಿ ನಕ್ಕ. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ. "ನಂಗೆ ಏನೂ ಆಗಿಲ್ಲ ಕಣ್ಲಾ ತಿಮ್ಮಯ್ಯ."

ಆಮೇಲಿನ ಮಾತುಗಳೆಲ್ಲ ಬೇಗ ಬೇಗ ಮುಗಿದವು, ಎಲ್ಲವನ್ನೂ ಅವನೇ ಆಡಿದ. ಪಾಲಿಲ್ಲ. ಕಾರು ವಾರದೊಳಗೆ ಬಂದ ಬೆಲೆಗೆ ಹೋಗಬೇಕು. ಚಲುವರಾಜು ಮಂಡ್ಯದಲ್ಲಿ ಲಾರಿಗೆ ಸೇರಬೇಕು. ಎತ್ತಿನ ಜೋಡಿಯ ಬೆಲೆಯನ್ನು ಅವನು ಮನೆಗೆ ತಂದುಕೊಡುವ ತನಕ ಅವನ ಬಾಯಲ್ಲಿ ಗಾಡಿಯ ಮಾತು ಬರಕೂಡದು. ನಿಂಗಯ್ಯ ಕೈ ಕಟ್ಟಿಕೊಂಡು ಕೇಳಿದ. ಯಜಮಾನರು ಹೌದಪ್ಪ ಹೌದು ಅಂತ ಎದ್ದರು. ಸಣ್ಣತಾಯಮ್ಮನಿಗೆ ಹೊತ್ತ ಹೊರೆ ಇಳಿಸಿದಷ್ಟು ಹಗುರವಾಯಿತು. ಮನೆ ಉಳಿಯಿತು, ಗಂಡ ಉಳಿದ, ಮಗನೂ ಪೂರ್ತಿ ಹೋಗಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ಗಂಡನ ಎದುರು ನಿಂತಳು. "ಬೊಯ್ತೀರಾ, ಬೊಯ್ರಿ," ಅಂದಳು.

ಮಾದಯ್ಯ ಬೈಯಲಿಲ್ಲ. ಅವಳ ಕೈಗೆ ಮೆತ್ತಿ ಒಣಗಿದ್ದ ಹಿಟ್ಟನ್ನು ನೋಡುತ್ತ ಹೇಳಿದ:

"ಅವನು ಉಡ್ಗ. ಕಾರಿನ ಆಸೆಗೆ ಸುಳ್ಳೇಳ್ದ. ನಾನು ಎರಡು ತಿಂಗಳು ಒಳಗೊಳಗೇ ಸಾಯ್ತಾ ಇದ್ದೆ ಕಣಮ್ಮಿ. ನೀನು ದಿನಾ ಎದುರ್ಗೆ ಕೂತು ಮುದ್ದೆ ಇಕ್ಕಿದೆ."

ಅವಳು ಆ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಮಾರನೆಯ ಬೆಳಿಗ್ಗೆ ಅವನು ಒಗೆದ ಪಂಚೆ ಉಟ್ಟು, ಎತ್ತು ನೋಡಲು ಹೊರಟ. ಯಾವ ಊರಿಗೆ, ಎಷ್ಟರ ಜೋಡಿ ಅಂತ ಯಾರನ್ನೂ ಕೇಳಲಿಲ್ಲ. ಸಣ್ಣತಾಯಮ್ಮ ರೊಟ್ಟಿ ತಟ್ಟಿ, ಕಾಯಿಚಟ್ನಿ ಅರೆದು, ಮಣೆ ಹಾಕಿ ಕಾದಳು. ಅವನು ಒಳಗೆ ಬಂದು ಮಣೆಯ ಮೇಲೆ ಕೂತ. ಅವಳು ತಟ್ಟೆಗೆ ಕೈ ಹಾಕಿದಳು.

"ಮಲ್ಲಿಗಮ್ಮ," ಅವನು ಕೊಟ್ಟಿಗೆಯ ಕಡೆ ಮುಖ ಮಾಡಿ ಕೂಗಿದ, "ಬಾರವ್ವ ಇಲ್ಲಿ. ನಂಗೆ ಉಂಬಕ್ಕಿಕ್ಕು."